ರೂಟರಿನ ಬೆನ್ನಿಗಿದ್ದ ಡಿಸ್ಕು

ಊರು ಬಿಟ್ಟು ಬಂದವರ ಮನೆಯಲ್ಲಿ ಊರಿನದೆಂದು ಏನಾದರೊಂದು ಇದ್ದೇ ಇರುತ್ತದೆ. ಕೆಲವರಲ್ಲಿ ಅದು ಬೀಸುವ ಕಲ್ಲು, ಕೆಲವರಲ್ಲಿ ತಾಮ್ರದ ಹಂಡೆ. ನಾಸಿಕದಿಂದ ವಣಿಯ ಕಡೆಗೆ ಹೋಗುವ ರಸ್ತೆಯ ದಿಂಡೋರಿಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ಸಂಸಾರ ಹೂಡಿರುವ ನಮ್ಮಲ್ಲಿ ಅದು ಅಂಗೈಯಗಲದ ಕಪ್ಪು ಹಾರ್ಡ್ ಡಿಸ್ಕು. ತೀರಿಕೊಂಡ ನಮ್ಮ ತಾಯಿಯವರು ಹಾಡಿದ ಬೀಸುವ ಪದಗಳು, ಗೌರಿ ಹುಣ್ಣಿಮೆಯ ಆರತಿಯ ಹಾಡುಗಳು, ಮೊಮ್ಮಗಳಿಗೆ ಹೇಳಿದ ಕಥೆಗಳು, ಹೀಗೆ ಮೊಬೈಲಿನಲ್ಲಿ ಹಿಡಿದಿಟ್ಟದ್ದೆಲ್ಲ ಅದರಲ್ಲಿದೆ.

ಆ ಡಿಸ್ಕನ್ನು ನಾವು ರೂಟರಿನ ಹಿಂದಿನ ಯು.ಎಸ್.ಬಿ. ತೂತಿಗೆ ಸಿಕ್ಕಿಸಿಟ್ಟಿದ್ದೆವು. ಮನೆಯ ಯಾವ ಮೂಲೆಯಲ್ಲಿ ಕುಳಿತರೂ ಕಂಪ್ಯೂಟರಿನಲ್ಲಿ ತಾಯಿಯವರ ದನಿ ಕೇಳಬಹುದಿತ್ತು. ಬಿ.ಎಸ್ಸಿ. ಓದಿದ್ದು ಇಷ್ಟಕ್ಕಾದರೂ ಬಂತಲ್ಲ ಎಂದು ನಮಗೆ ಹೆಮ್ಮೆ.

ಕಳೆದ ವರ್ಷ ಮಗಳಿಗೆ ಹೊಸ ಲ್ಯಾಪ್‌ಟಾಪ್ ಬಂತು. ಅಂದು ಸಂಜೆಯೇ ಅವಳು ಕೂಗಿದಳು: “ಅಪ್ಪಾ, ಅಜ್ಜಿ ಸಿಗವಲ್ಲಳು!”

ನಾವು ಜಂಭದಿಂದಲೇ ಎದ್ದೆವು. ಮೊದಲು ಸಂಶಯ ಬಂದದ್ದು ಕರೆಂಟಿನ ಮೇಲೆ. ಹಳೆಯ ಮಾದರಿಯ ಯು.ಎಸ್.ಬಿ. ತೂತು ಕೊಡುವುದು 500 ಮಿಲಿಆಂಪಿಯರ್. ಕೆಲವು ಡಿಸ್ಕುಗಳಿಗೆ ತಿರುಗಲು ಅದು ಸಾಲದು. ರೂಟರಿನ ಪುಟ ತೆರೆದು ನೋಡಿದರೆ ಡಿಸ್ಕು ಅಲ್ಲಿ ಸರಿಯಾಗಿಯೇ ಕಾಣುತ್ತಿತ್ತು. ಮೂಲೆಯಲ್ಲಿದ್ದ ವಿಂಡೋಸ್ 7ರ ಹಳೆಯ ಕಂಪ್ಯೂಟರಿನಲ್ಲಿ ಹಾಡೂ ಬಂತು. ಹಾಗಾದರೆ ದೋಷ ಡಿಸ್ಕಿನದಲ್ಲ. ಲ್ಯಾಪ್‌ಟಾಪಿನಲ್ಲಿ ರೂಟರಿನ ವಿಳಾಸ ಹೊಡೆದಾಗ ಕಾರಣ ತಾನಾಗಿ ಬಾಯಿಬಿಟ್ಟಿತು: ಈ ಡಿಸ್ಕನ್ನು ತೆರೆಯಲು ಎಸ್.ಎಂ.ಬಿ. 1 ಬೇಕು, ಅದು ಸುರಕ್ಷಿತವಲ್ಲ.

ಎಸ್.ಎಂ.ಬಿ. ಎಂದರೆ ಕಂಪ್ಯೂಟರುಗಳು ಕಡತ ಹಂಚಿಕೊಳ್ಳಲು ಆಡುವ ಭಾಷೆ. ಹುಟ್ಟಿದ್ದು 1980ರ ದಶಕದಲ್ಲಿ, ಐ.ಬಿ.ಎಂ.ನಲ್ಲಿ. ನಮ್ಮ ರೂಟರಿಗೆ ಅದರ ಮೊದಲ ಆವೃತ್ತಿ ಮಾತ್ರ ಗೊತ್ತು. 2017ರ ಕೊನೆಯ ವಿಂಡೋಸ್ 10ರಿಂದೀಚೆಗೆ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಆ ಆವೃತ್ತಿ ಸಾಮಾನ್ಯವಾಗಿ ಇರುವುದೇ ಇಲ್ಲ. ಮನೆಯಲ್ಲಿ ಹಿರಿಯರಿಗೆ ಕನ್ನಡ ಮಾತ್ರ ಬಂದು, ಮಕ್ಕಳಿಗೆ ಮರಾಠಿ ಮಾತ್ರ ಬಂದರೆ ಏನಾದೀತೋ ಅದೇ ಇಲ್ಲಿಯೂ ಆಗಿತ್ತು.

ಹುಬ್ಬಳ್ಳಿಯ ಸೋದರಳಿಯನಿಗೆ ಫೋನು ಮಾಡಿದೆವು. “ಏನಿಲ್ರಿ ಮಾಮಾ, ಕಂಟ್ರೋಲ್ ಪ್ಯಾನೆಲ್‌ನ್ಯಾಗ ಒಂದು ಟಿಕ್ ಹಾಕ್ರಿ, ಎಲ್ಲಾ ಕಾಣಸ್ತದ” ಎಂದ.

ಟಿಕ್ ಹಾಕಲು ಕೈ ಹೋಯಿತು, ಹಿಂದಕ್ಕೂ ಬಂತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಜಡಿದು ಸುಲಿಗೆ ಕೇಳಿದಾಗ ಅದು ನುಗ್ಗಿದ್ದು ಇದೇ ಎಸ್.ಎಂ.ಬಿ. 1ರ ಬಿರುಕಿನಿಂದ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋದವು. ಆ ಬಿರುಕಿಗೆ ತೇಪೆ ಎರಡು ತಿಂಗಳ ಹಿಂದೆಯೇ ಬಂದಿತ್ತು. ಹಾಕಿಕೊಳ್ಳದವರು ಬಹಳ ಮಂದಿ. ಮಗಳ ಕಂಪ್ಯೂಟರಿಗೆ ತೇಪೆ ಬಿದ್ದಿದೆ ನಿಜ. ಆದರೆ ಒಮ್ಮೆ ಮುಚ್ಚಿದ ಹಿತ್ತಿಲ ಬಾಗಿಲನ್ನು ಹಾಡಿಗಾಗಿ ತೆಗೆದಿಡಬೇಕೆ?

ಆಗ ನಮ್ಮಾಕೆ ಕೇಳಿದ ಒಂದು ಮಾತು ಎದೆ ನಡುಗಿಸಿತು. “ಏನರೀ, ಅತ್ತಿಯವರ ಹಾಡು ಮತ್ತೆಲ್ಲಿ ಇಟ್ಟೀರಿ?”

ಮತ್ತೆಲ್ಲಿಯೂ ಇಟ್ಟಿರಲಿಲ್ಲ! ಮೊಬೈಲು ಬದಲಾಗಿ ಎಷ್ಟೋ ಕಾಲವಾಗಿತ್ತು. ಮನೆಯ ಎಲ್ಲ ಕೋಣೆಗಳಲ್ಲಿ ಕಾಣುತ್ತದೆ ಎಂಬ ಭರವಸೆಯಲ್ಲಿ, ಇರುವುದು ಒಂದೇ ಕಡೆ ಎಂಬುದನ್ನೇ ನಾವು ಮರೆತಿದ್ದೆವು. ಇಲ್ಲಿ ಅಕಾಲ ಮಳೆ ಬಂದರೆ ಬೆಳೆಗಾರರು ದ್ರಾಕ್ಷಿಗಾಗಿ ಮುಗಿಲು ನೋಡುತ್ತಾರೆ, ಕರೆಂಟೂ ಹೋಗುತ್ತದೆ. ಹಾಗೆ ಹೋದಾಗಲೆಲ್ಲ ತಿರುಗುತ್ತಿದ್ದ ಡಿಸ್ಕು ತಟ್ಟನೆ ನಿಂತಿದೆ. ಕಡತ ಕೆಡುವುದಕ್ಕೆ ಅಷ್ಟು ಸಾಕು.

ರೂಟರಿನ ಪುಟದಲ್ಲಿ ಡಿಸ್ಕನ್ನು ಬಿಡಿಸುವ ಆಜ್ಞೆ ಕೊಟ್ಟು, ಆಮೇಲೆ ಕಿತ್ತು, ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಡಿಸ್ಕಿನಲ್ಲಿ ತೊಂದರೆಯಿದೆ, ಸರಿಪಡಿಸಲೇ ಎಂದಿತು. ಮೊದಲು ನಕಲು, ಆಮೇಲೆ ರಿಪೇರಿ ಎಂದು ನಿರ್ಧರಿಸಿದೆವು. ನಕಲು ಮುಗಿಯುವವರೆಗೆ ಮೂವರೂ ಊಟಕ್ಕೇಳಲಿಲ್ಲ. ಎರಡು ಕಥೆಗಳು ಬರಲೇ ಇಲ್ಲ, ಉಳಿದದ್ದೆಲ್ಲ ಬಂತು.

ಈಗ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಕಪಾಟಿನ ಹೊಸ ಡಿಸ್ಕಿನಲ್ಲಿ, ಮೂರನೆಯದು ಧಾರವಾಡದ ಅಣ್ಣನ ಮನೆಯಲ್ಲಿ. ರೂಟರಿನ ಬೆನ್ನು ಬರಿದಾಗಿದೆ. ಹೊಸ ರೂಟರು ಕೊಳ್ಳುವಾಗ ಅದು ಎಸ್.ಎಂ.ಬಿ.ಯ ಎರಡನೆಯ ಅಥವಾ ಮೂರನೆಯ ಆವೃತ್ತಿ ಬಲ್ಲದೇ, ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆಯೇ ಎಂದು ವಿಚಾರಿಸಿಯೇ ಕೊಳ್ಳುತ್ತೇವೆ. ಹಂಚಿಕೊಳ್ಳುವುದು ಬೇರೆ, ಕಾಪಾಡುವುದು ಬೇರೆ ಎಂಬ ಪಾಠಕ್ಕೆ ನಾವು ಎರಡು ಕಥೆಗಳ ಬೆಲೆ ತೆತ್ತೆವು. ವಾಚಕರು ತಮ್ಮ ಮನೆಯ ಡಿಸ್ಕನ್ನು ಇಂದೇ ಒಮ್ಮೆ ನೋಡಿಕೊಳ್ಳಲಿ.

ಕಳೆದುಹೋದ ಕಥೆಗಳಲ್ಲಿ ಒಂದು ಮಗಳಿಗೆ ಅರ್ಧ ನೆನಪಿದೆಯಂತೆ. ಉಳಿದರ್ಧವನ್ನು ನಮ್ಮಾಕೆ ನೆನಪು ಮಾಡಿಕೊಳ್ಳುತ್ತಿದ್ದಾಳೆ. ಈ ಸಲ ಮೊಬೈಲು ಹಿಡಿದು ಕುಳಿತಿರುವವಳು ಮಗಳು.