ಆಯ್ತಾ, ಆಯ್ತಾ?

ನಮ್ಮನ್ನು ದಣಿಸುವುದು ದೊಡ್ಡ ಕೆಲಸಗಳಲ್ಲ, ಸಣ್ಣ ಪ್ರಶ್ನೆಗಳು. ಇಪ್ಪತ್ತು ಜೋಳದ ರೊಟ್ಟಿ ಬಡಿಯೆಂದರೆ ಬಡಿದೇವು. ಬಡಿಯುವಾಗ ನಿಮಿಷಕ್ಕೊಮ್ಮೆ "ಆಯ್ತಾ, ಆಯ್ತಾ?" ಎಂದರೆ ಕೈಯೇ ನಿಂತುಬಿಡುತ್ತದೆ. ಕಂಪ್ಯೂಟರಿಗೂ ಇದೇ ಪಾಡೆಂದು ನಾನು ಕಂಡದ್ದು ಬಳ್ಳಾರಿಯ ನಮ್ಮ ಆಫೀಸಿನಲ್ಲಿ.

ನಮ್ಮ ಲೆಕ್ಕದ ಫೈಲುಗಳೆಲ್ಲ ಇಲ್ಲಿಯ ಒಂದೇ ಸರ್ವರಿನಲ್ಲಿವೆ. ಸಿರುಗುಪ್ಪ, ಕುರುಗೋಡು ಶಾಖೆಗಳ ಕಂಪ್ಯೂಟರುಗಳು ಅವನ್ನು ತಮ್ಮವೇ ಎಂಬಂತೆ ತೆರೆಯುತ್ತವೆ. ಇದಕ್ಕೆ ನೆಟ್‌ವರ್ಕ್ ಫೈಲ್ ಸಿಸ್ಟಮ್ ಎಂದು ಹೆಸರು. 1984ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ ರೂಪಿಸಿದ್ದು. ಅಡುಗೆಮನೆ ಒಂದು, ಪಂಕ್ತಿ ಹಲವು ಎಂದಿಟ್ಟುಕೊಳ್ಳಿ.

ಭತ್ತದ ಸುಗ್ಗಿಯಲ್ಲಿ ಸರ್ವರು ತೆವಳತೊಡಗಿತು. ಕುರುಗೋಡಿನವರು ಫೋನಿನಲ್ಲಿ ರೇಗಿದರು. ಮೇಲಿನವರು ಸಿರುಗುಪ್ಪದ ಹೊಸ ಹುಡುಗಿಯತ್ತ ಬೆರಳು ಮಾಡಿದರು. ಅವಳು ಬಂದ ಮೇಲೆಯೇ ಹೀಗಾಯಿತಂತೆ! ತಾತ್ಕಾಲಿಕ ನೌಕರಿ, ಮುಂದುವರಿಸುವುದು ಬೇಡವೆಂಬ ಟಿಪ್ಪಣಿಯೂ ಸಿದ್ಧವಾಗಿತ್ತು. "ಅಕ್ಕಾ, ನಾ ಬರೇ ಎಂಟ್ರಿ ಮಾಡ್ತೀನ್ರಿ, ಮತ್ತೇನೂ ಮುಟ್ಟಂಗಿಲ್ರಿ" ಎಂದಳು. ದನಿ ನಡುಗುತ್ತಿತ್ತು.

ಬೈಯುವ ಮೊದಲು ಎಣಿಸಬೇಕು. ಸರ್ವರಿನಲ್ಲಿ 'ಎನ್‌ಎಫ್‌ಎಸ್‌ಸ್ಟ್ಯಾಟ್' ಎಂದು ಕೇಳಿದರೆ ಯಾವ ಬಗೆಯ ಕೋರಿಕೆ ಎಷ್ಟು ಬಂದಿದೆಯೆಂದು ಪಟ್ಟಿ ಕೊಡುತ್ತದೆ. ಅದು ಕೂಡುತ್ತ ಬಂದ ಮೊತ್ತ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಕಳೆದು ಲೆಕ್ಕ ಹಾಕಿದೆ. ಓದುವ, ಬರೆಯುವ ಕೋರಿಕೆಗಳು ಕೊಂಚವೇ. 'ಗೆಟ್‌ಆಟ್ರ್' ಎಂಬುದು ಮಾತ್ರ ರಾಶಿ ರಾಶಿ. ಅಂದರೆ ಫೈಲು ಬೇಕಿಲ್ಲ, "ಅದು ಬದಲಾಯಿತೇ?" ಎಂಬಷ್ಟೇ ವಿಚಾರಣೆ. ಕೇಳುವವರಾರೆಂದು ಆ ಪಟ್ಟಿ ಹೇಳದು. ತಂತಿಯ ಮೇಲಿನ ಮಾತಿಗೆ ಕಿವಿಗೊಡುವ 'ಟಿಸಿಪಿಡಂಪ್' ಹಚ್ಚಿದೆ. ಸಿರುಗುಪ್ಪದ್ದೇ ಯಂತ್ರ!

ಆದರೆ ಹುಡುಗಿ ಊಟಕ್ಕೆ ಎದ್ದಾಗಲೂ ಪ್ರಶ್ನೆ ನಿಲ್ಲಲಿಲ್ಲ. ತೆರೆದಿಟ್ಟ ಲೆಕ್ಕದ ಪ್ರೋಗ್ರಾಮು ತಾನೇ ಫೈಲುಗಳನ್ನು ಇಣುಕುತ್ತಿತ್ತು. ಸಾಮಾನ್ಯವಾಗಿ ಯಂತ್ರ ಕೇಳಿದ್ದನ್ನು ತುಸು ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಇದಕ್ಕೋ 'ನೋಏಸಿ' ಎಂಬ ಕಟ್ಟಪ್ಪಣೆ ಇತ್ತು: ಏನನ್ನೂ ನೆನಪಿಡಬೇಡ, ಪ್ರತಿಸಲವೂ ಬಳ್ಳಾರಿಯನ್ನೇ ಕೇಳು! ಹಿಂದೊಮ್ಮೆ ಕುರುಗೋಡಿನ ಎಂಟ್ರಿ ಕೂಡಲೇ ಕಾಣಲಿಲ್ಲವೆಂದು ಯಾರೋ ಹಾಕಿಸಿದ್ದಂತೆ, ಅವಳು ಸೇರುವುದಕ್ಕೂ ಮೊದಲೇ. ಸುಗ್ಗಿಯಲ್ಲಿ ಫೈಲು ಹೆಚ್ಚಿದವು, ಪ್ರಶ್ನೆಗಳೂ ಹೆಚ್ಚಿದವು, ಅಷ್ಟೆ.

ಆ ಪದವನ್ನು ತೆಗೆಸಿದೆ. ಈಗ ಲಿನಕ್ಸ್ ಯಂತ್ರದ ವಾಡಿಕೆಯಂತೆ ಫೈಲಿನ ವಿಷಯ 3ರಿಂದ 60 ಸೆಕೆಂಡು ನೆನಪಿರುತ್ತದೆ. ಬದಲಾಗದ ಫೈಲಿಗೆ ಅಂತರ ತಾನೇ ಬೆಳೆಯುತ್ತದೆ. ಹೊಸದಾಗಿ ಫೈಲು ತೆರೆದಾಗ ಹೇಗೂ ಒಮ್ಮೆ ಕೇಳಿಯೇ ಕೇಳುತ್ತದೆ. ಅಷ್ಟು ಸಾಕು. ಹೊಸ ಸರ್ವರಿನ ಖರ್ಚೂ ಉಳಿಯಿತು.

ಒಮ್ಮೆ ಕೊಟ್ಟ ಮಾತನ್ನು ಒಂದು ನಿಮಿಷವಾದರೂ ನಂಬುವುದರಲ್ಲಿ ಎಷ್ಟು ಸುಖವಿದೆ, ನೀವೇ ಹೇಳಿ. ಎಣಿಕೆಯ ಕಾಗದವನ್ನು ಆ ಟಿಪ್ಪಣಿಯ ಜೊತೆಗೇ ಪಿನ್ನು ಮಾಡಿ ಮೇಲಕ್ಕೆ ಕಳಿಸಿದೆ. ಹುಡುಗಿ ಇನ್ನೂ ಸಿರುಗುಪ್ಪದಲ್ಲೇ ಇದ್ದಾಳೆ.