ಅಣ್ಣನ ಎಡಗಾಲು

ಜುಲೈ 3, ರಾತ್ರಿ, ಹುಮನಾಬಾದ್
ಬಸವಕಲ್ಯಾಣಕ್ಕೆ, ಅಣ್ಣನ ಮನೆಗೆ ಹೋಗಿ ಬಂದೆ. ಅಣ್ಣನ ಎಡಗಾಲಿನ ಹೆಬ್ಬೆರಳು ಕಪ್ಪಿಟ್ಟಿದೆ. ಮುಟ್ಟಿದರೆ ತಣ್ಣಗೆ. ಪಾದದ ನಾಡಿ ಸಿಗಲಿಲ್ಲ. ಕೋಟೆಯಿಂದ ಬಸವೇಶ್ವರ ದೇವಸ್ಥಾನದ ತನಕ ನಿಲ್ಲದೆ ನಡೆಯುತ್ತಿದ್ದವನು, ಈಗ ಓಣಿ ದಾಟುವಷ್ಟರಲ್ಲಿ ಮೀನಖಂಡ ಹಿಡಿದು ಕೂರುತ್ತಾನೆ. ಕಾಲು ಮಂಚದಿಂದ ಇಳಿಬಿಟ್ಟರೆ ಮಾತ್ರ ನಿದ್ದೆ.
“ಶುಗರ್ ಇಲ್ಲಂತ ಹೇಳ್ಯಾರ, ಮತ್ಯಾಕ ಹಿಂಗಾಗ್ಲತ್ತದ?” ಅಂದರು ವೈನಿ. ಗಾಡಿ ಹಿಡಿದಾಗಿನಿಂದ ಬೀಡಿ. ಅವನ ಎದುರು ಹೇಳಲಿಲ್ಲ.

ಜುಲೈ 6
ಡಾಕ್ಟರು ಹೇಳಿದ ಹೆಸರು ಬರ್ಗರ್ಸ್ ಕಾಯಿಲೆ. 1908ರಲ್ಲೇ ಲಿಯೋ ಬರ್ಗರ್ ವಿವರಿಸಿದ್ದು. ಸಣ್ಣ ನಾಳಗಳು ಉರಿಯೂತದಿಂದ, ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚುತ್ತವೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದರೆ 0.9ಕ್ಕಿಂತ ಮೇಲಿರಬೇಕು. ಅವನದು 0.4. ಡಾಕ್ಟರು ಹೇಳಿದ್ದನ್ನೇ ಮತ್ತೆ ಹೇಳಿದರು: ಬೀಡಿ ಪೂರಾ ಬಿಡಬೇಕು, ಒಂದೂ ಸೇದುವಂಗಿಲ್ಲ.

ಜುಲೈ 9, ಅಂಗಡಿ ಮುಚ್ಚಿದ ಮೇಲೆ
ಓದುತ್ತ ಕೂತೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯ, ಎಗಾಶಿರಾ ಅವರ ತಂಡ. ಪಿಟವಸ್ಟಾಟಿನ್ ತುಂಬಿದ ನ್ಯಾನೊಕಣ. ಕೊಲೆಸ್ಟ್ರಾಲ್ ಮಾತ್ರೆಯಾಗಿ ನಾನೇ ಮಾರುವ ಔಷಧ! ನುಂಗಿದರೆ ಹೆಚ್ಚಿನದು ಯಕೃತ್ತಿನ ಪಾಲು. ಅವರು ಅದನ್ನು ಪಿಎಲ್‌ಜಿಎಯಲ್ಲಿ, ತಾನಾಗೇ ಕರಗುವ ಹೊಲಿಗೆ ದಾರ ಮಾಡುವ ಪಾಲಿಮರ್‌ನಲ್ಲಿ, ಸುತ್ತಿ ನೇರ ಕಾಲಿನ ಸ್ನಾಯುವಿಗೆ ಚುಚ್ಚಿದರು. ರಕ್ತವೇ ಹೋಗದ ಕಡೆ ನುಂಗಿದ ಮಾತ್ರೆ ಎಷ್ಟು ಮುಟ್ಟೀತು? ಕಣ, ನಾಳದ ಒಳಪದರದ ಜೀವಕೋಶ ಹೊಕ್ಕು ನಿಧಾನ ಔಷಧ ಬಿಡುತ್ತದೆ. ಹೊಸ ನಾಳಗಳು ಚಿಗುರುತ್ತವೆ. 2009ರಲ್ಲಿ ಇಲಿಯಲ್ಲಿ, ಆಮೇಲೆ ಮೊಲದಲ್ಲಿ. ಮನುಷ್ಯರಲ್ಲೂ ಆರಂಭದ ಪರೀಕ್ಷೆ ಆಗಿದೆ.
ಎರಡು ಗಂಟೆ. ನಿದ್ದೆ ಇಲ್ಲ.

ಜುಲೈ 10
ಬೆಳಿಗ್ಗೆ ಆ ಹುರುಪಿಲ್ಲ. ಮೊಲದ ತೊಡೆಯ ನಾಳ ಪ್ರಯೋಗಕ್ಕೆಂದು ತೆಗೆದದ್ದು. ಅಣ್ಣನದು ವರ್ಷಗಟ್ಟಲೆ ಹೊಗೆಯಲ್ಲಿ ಮುಚ್ಚಿದ್ದು. ಟಮಾರಿಸ್ ಪರೀಕ್ಷೆಯನ್ನೂ ಓದಿದೆ. 30 ದೇಶ, 525 ರೋಗಿಗಳು. ನಾಳ ಬೆಳೆಸುವ ವಂಶವಾಹಿಯ ಚುಚ್ಚುಮದ್ದು. 2011ರಲ್ಲಿ ಫಲಿತಾಂಶ: ಔಷಧವಿಲ್ಲದ ಸೂಜಿ ಪಡೆದವರಿಗೂ ಔಷಧ ಪಡೆದವರಿಗೂ, ಕಾಲು ಹೋಗುವುದರಲ್ಲಿ, ಜೀವ ಹೋಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಜುಲೈ 14
ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್. ನ್ಯಾನೊಕಣವಲ್ಲ, ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಜೀವಕೋಶ. ಇದನ್ನೂ ಮೀನಖಂಡಕ್ಕೇ ಚುಚ್ಚುವುದು. ಇದೇ ಬರ್ಗರ್ಸ್ ಕಾಯಿಲೆಗೆ 2016ರಲ್ಲಿ ಸೀಮಿತ ಅನುಮತಿ. ನಮ್ಮ ರಾಜ್ಯದಲ್ಲೇ ಆದ ಕೆಲಸ! ಅಣ್ಣನಿಗೆ ಆದೀತೇ? ಖರ್ಚು? ಗಾಡಿ ಮಾರುವ ಮಾತು ವೈನಿಯೇ ಎತ್ತಿದರು.

ಜುಲೈ 17, ಬಸ್ಸಿನಲ್ಲಿ, ಸಸ್ತಾಪುರ ಬಂಗ್ಲಾ ಹತ್ತಿರ
ಸೂಜಿಯ ವಿಷಯ ಅಣ್ಣನಿಗೆ ಹೇಳಲೋ ಬೇಡವೋ. ಹೇಳಿದರೆ, “ಸೂಜಿ ಅದ ಅಲ್ಲ” ಅಂತ ಬೀಡಿ ಹಚ್ಚಿಯಾನು. ಹೇಳದಿದ್ದರೆ, ಬಿಡಲಿಕ್ಕೆ ಅವನಿಗೆ ಯಾವ ಆಸೆ?

ಅದೇ ರಾತ್ರಿ
ಹೇಳಿದೆ. ಸುಮ್ಮನೆ ಕೇಳಿದ. ಆಮೇಲೆ, “ತಮ್ಮಾ, ಬಟ್ಟು ಹೋದ್ರ ಕ್ಲಚ್ ಒತ್ಲಿಕ್ಕ ಬರ್ತದೇನು?”
ಬಟ್ಟೊಂದೇ ಆದ್ರ ಬರ್ತದ, ಅಂದೆ. ಮೊಣಕಾಲಿನ ಮಾತು ಎತ್ತಲಾಗಲಿಲ್ಲ.
ಬೀಡಿ ಬಿಟ್ಟಿದ್ದೀನಿ ಅಂತಾನೆ. ಅಂಗಿಗೆ ವಾಸನೆ ಇತ್ತು. ಹಳೆಯದೋ, ಇವತ್ತಿನದೋ.
ಸೋಮವಾರ ಡಾಕ್ಟರ ಹತ್ತಿರ. ಕೇಳಬೇಕಾದ್ದು: ಬೆರಳಿನ ಸೋಂಕು ಎಲ್ಲಿಯ ತನಕ ಏರಿದೆ. ಜೀವಕೋಶದ ಸೂಜಿಗೆ ಅಷ್ಟು ದಿನ ಕಾಯಬಹುದೇ.