ಬೇಡ ಎಂದರೆ ಬೇಡವೇ!

"ಇನ್ನೂ ಸ್ವಲ್ಪ ಹಾಕಿಕೊಳ್ಳಿ" ಎಂದು ಯಾರೂ ಒತ್ತಾಯ ಮಾಡದ ಔತಣಕ್ಕೆ ನೀವು ಹೋಗಿದ್ದೀರಾ? ನಾನು ಹೋಗಿದ್ದೇನೆ. ಹಸಿದ ಹೊಟ್ಟೆಯಲ್ಲೇ ಮನೆಗೆ ಮರಳಿದ್ದೇನೆ.

2016ರ ಅಕ್ಟೋಬರ್‌ನಲ್ಲಿ ನಾವು ಜರ್ಮನಿಯ ಟ್ಯೂಬಿಂಗನ್‌ಗೆ ಹೋದೆವು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ನನ್ನವರಿಗೆ ಮೂರು ವರ್ಷಗಳ ಸಂಶೋಧನಾ ಕೆಲಸ ಸಿಕ್ಕಿತ್ತು. ನೆಕ್ಕಾರ್ ನದಿಯ ದಡದ ಸಣ್ಣ ಊರು. ಜನಸಂಖ್ಯೆ ಸುಮಾರು 90,000. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ವಿದ್ಯಾರ್ಥಿಗಳೇ. ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1477ರಲ್ಲಿ. ನಾನು ಮಂಗಳೂರಿನಲ್ಲಿ ಹೈಸ್ಕೂಲು ಟೀಚರ್ ಆಗಿದ್ದೆ. ರಾಜೀನಾಮೆ ಕೊಟ್ಟು, ಎರಡು ವರ್ಷದ ಮಗಳನ್ನು ಎತ್ತಿಕೊಂಡು ಹೊರಟಿದ್ದೆ. ಬೆಳಿಗ್ಗೆ ಇವರು ಪ್ರಯೋಗಾಲಯಕ್ಕೆ ಹೋದರೆ ಮನೆಯಲ್ಲಿ ನಾನು, ಮಗಳು ಮತ್ತು ಕಿಟಕಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತಿತ್ತು. "ಮಾತಾಡಲು ಯಾರಿದ್ದಾರೆ ಮಗಳೇ?" ಎಂದು ಉಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ "ತುಂಬಾ ಜನ ಇದ್ದಾರೆ ಉಮ್ಮಾ" ಎಂದು ಸುಳ್ಳು ಹೇಳುತ್ತಿದ್ದೆ.

ವಿದೇಶಗಳಿಂದ ಬಂದ ಸಿಬ್ಬಂದಿ ಮತ್ತು ಅವರ ಕುಟುಂಬದವರಿಗಾಗಿ ತಿಂಗಳಿಗೊಂದು ಕೂಟ ನಡೆಯುತ್ತದೆಂದು ಇವರು ಸುದ್ದಿ ತಂದರು. ಕೂಟವನ್ನು ನಡೆಸುತ್ತಿದ್ದವರು ಊರಿನದೇ ಹಿರಿಯ ಮಹಿಳೆಯರು; ಸಂಬಳವಿಲ್ಲದ ಸೇವೆ. ಒಂದು ತಿಂಗಳು ನಡಿಗೆ, ಇನ್ನೊಂದು ತಿಂಗಳು ಅಡುಗೆ, ಮತ್ತೊಮ್ಮೆ ಭಾಷೆಯ ಸಂಜೆ. ನಾನು ಒಲ್ಲದ ಮನಸ್ಸಿನಿಂದಲೇ ಹೋದೆ. ಒಬ್ಬರು "ಯೋಗ ಹೇಳಿಕೊಡುತ್ತೀರಾ?" ಎಂದರು. ಇನ್ನೊಬ್ಬರು ನನ್ನ ತಲೆವಸ್ತ್ರ ನೋಡಿ ಯಾವ ಅರಬ್ ದೇಶದವರೆಂದು ಕೇಳಿದರು. ಇಬ್ಬರಿಗೂ ಇಲ್ಲ ಎನ್ನುವಷ್ಟರಲ್ಲಿ ಕೇಕಿನ ತಟ್ಟೆ ಬಂತು.

ನಮ್ಮಲ್ಲಿ ಕೇಳಿದ ಕೂಡಲೇ ಕೈ ಚಾಚುವವರುಂಟೇ? ನಾನು ಸಂಕೋಚದಿಂದ "ಬೇಡ" ಎಂದೆ. ಎರಡನೆಯ ಸಲ ಕೇಳಿದಾಗ ತೆಗೆದುಕೊಳ್ಳೋಣವೆಂದು ಕಾದೆ. ಎರಡನೆಯ ಸಲ ಬರಲೇ ಇಲ್ಲ. ತಟ್ಟೆ ಪಕ್ಕದವರತ್ತ ಹೋಯಿತು. ಅವರ ಲೆಕ್ಕದಲ್ಲಿ ಬೇಡ ಎಂದರೆ ಬೇಡ. ಮತ್ತೆ ಕೇಳುವುದೆಂದರೆ ನನ್ನ ಮಾತನ್ನು ನಂಬಲಿಲ್ಲವೆಂದು ಹೇಳಿದಂತೆ. ಮನೆಗೆ ಬಂದು ಗಂಜಿ ಕುಡಿದೆ. ಇವರು ಬಿದ್ದು ಬಿದ್ದು ನಕ್ಕರು.

ಇದಕ್ಕೆ ತಿರುಗುಬಾಣವೂ ಆಯಿತು. ಕೂಟ ನಡೆಸುವವರಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯಿದ್ದರು. ಅವರನ್ನು ಮನೆಗೆ ಕರೆದು ನೀರ್‌ದೋಸೆ, ಕೋಳಿ ಸಾರು ಮಾಡಿದೆ. ಸಾಕು ಎಂದರು, ಹಾಕಿದೆ. ಬೇಡವೆಂದರು, ಮತ್ತೆ ಹಾಕಿದೆ. ಪಾಪ, ತಟ್ಟೆಯಲ್ಲಿ ಬಿಡಬಾರದೆಂದು ಅಷ್ಟನ್ನೂ ತಿಂದು ಮುಗಿಸಿದರು. ಮುಂದಿನ ಕೂಟದಲ್ಲಿ ನಕ್ಕು, ಅಂದು ರಾತ್ರಿ ನಿದ್ದೆ ಬರಲಿಲ್ಲವೆಂದರು. ಆಗ ನಾನು ನನ್ನ ಕೇಕಿನ ಕಥೆ ಹೇಳಿದೆ. ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು: ನನ್ನನ್ನು ಎರಡು ಸಲ ಕೇಳಬೇಕು, ಅವರನ್ನು ಒಂದೇ ಸಲ.

ನಿಜ ಹೇಳಬೇಕೆಂದರೆ, ಗೋಡೆಗೆ ದೇಶದೇಶಗಳ ಬಾವುಟ ಅಂಟಿಸಿ, ಒಬ್ಬೊಬ್ಬರೂ ತಮ್ಮ ನಾಡಿನ ಉಡುಗೆ ತೊಟ್ಟು ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮಗಳು ನನಗೆ ಎಂದೂ ರುಚಿಸಲಿಲ್ಲ. ಕಲಿತದ್ದೆಲ್ಲ ಇಂಥ ಎಡವಟ್ಟುಗಳಿಂದ. ಅಂಗಡಿಯಲ್ಲಿ ಯಾವ ಮಿಠಾಯಿಯಲ್ಲಿ ಹಂದಿಯ ಜೆಲಾಟಿನ್ ಇರುತ್ತದೆ, ಆ ಪ್ರಾಂತ್ಯದ ಬ್ರೆಟ್ಸೆಲ್ ರೊಟ್ಟಿಗೆ ಕೆಲವರು ಹಂದಿಕೊಬ್ಬು ಬೆರೆಸುತ್ತಾರೆ, ಕೇಳಿಯೇ ಕೊಳ್ಳಬೇಕು ಎಂಬುದನ್ನೆಲ್ಲ ತಿಳಿಸಿದವರು ಕೂಟದ ಟರ್ಕಿಯ ಅಕ್ಕ. ಬಹುಮಹಡಿ ಮನೆಗಳಲ್ಲಿ ಮೆಟ್ಟಿಲು ಗುಡಿಸಲು ವಾರಕ್ಕೊಬ್ಬರ ಸರದಿಯಿರುತ್ತದೆ, ತಪ್ಪಿಸಿದರೆ ನೆರೆಮನೆಯವರು ಮರೆಯುವುದಿಲ್ಲ ಎಂದು ಎಚ್ಚರಿಸಿದವರು ಅಜ್ಜಿ.

ಭಾಷೆಯ ಸಂಜೆಯಲ್ಲಿ ನನ್ನ ಸರದಿ ಬಂತು. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದಾಗ ನಿಮ್ಮ ಭಾಷೆ ಯಾವುದೆಂದು ಸರಿಯಾಗಿ ಹೇಳಿ ಎಂದರು. ಅವರಿಗೆ ನಾನು ಕಿಟ್ಟೆಲ್ ಕಥೆ ಹೇಳಿದೆ. ನಮ್ಮ ಕರಾವಳಿಗೆ ಬಂದು ಕನ್ನಡ ಕಲಿತು 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ. ಅಲ್ಲಿದ್ದ ಯಾರೂ ಅವರ ಹೆಸರು ಕೇಳಿರಲಿಲ್ಲ. ಆದರೆ ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಬಗ್ಗೆ ಹೇಳಿದಾಗ ಅಜ್ಜಿ ಎದ್ದು ನಿಂತರು. ಅವರ ಪ್ರೀತಿಯ ಲೇಖಕ, 1946ರ ನೊಬೆಲ್ ಪಡೆದ ಹರ್ಮನ್ ಹೆಸ್ಸೆಗೆ ಗುಂಡರ್ಟ್ ತಾಯಿಯ ತಂದೆ! ಹೆಸ್ಸೆ ತರುಣನಾಗಿದ್ದಾಗ ನಾಲ್ಕು ವರ್ಷ ಇದೇ ಊರಿನ ಪುಸ್ತಕದಂಗಡಿಯಲ್ಲಿ ಕೆಲಸ ಮಾಡಿದ್ದರು. ಗುಂಡರ್ಟ್‌ರ ಹಸ್ತಪ್ರತಿಗಳು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿಯೇ ಇವೆ. ಆ ಸಂಜೆ ನಾನು ಬರಿಯ "ಸಂಶೋಧಕರ ಹೆಂಡತಿ" ಆಗಿರಲಿಲ್ಲ. ಬಹಳ ದಿನಗಳ ನಂತರ ಟೀಚರ್ ಆಗಿದ್ದೆ.

2017ರ ಜೂನ್‌ನಲ್ಲಿ ರಮಝಾನ್. ನಸುಕಿನ ಮೂರಕ್ಕೆ ಮೊದಲೇ ಸಹರಿ, ಇಫ್ತಾರ್ ರಾತ್ರಿ ಒಂಬತ್ತೂವರೆಗೆ. ಕೂಟದ ಬೇಸಿಗೆ ಊಟ ಸಂಜೆ ಆರಕ್ಕೆಂದು ನಿಗದಿಯಾಗಿತ್ತು. ನಾನು ಬರಲಾಗದೆಂದು ತಿಳಿಸಿದೆ. ಕಾರಣ ಕೇಳಿದ ಅಜ್ಜಿ, ಊಟವನ್ನೇ ಒಂಬತ್ತಕ್ಕೆ ಮುಂದೂಡಿದರು. ಬ್ರೆಜಿಲ್‌ನವರು, ಜಪಾನಿನವರು, ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ನಮ್ಮ ಗಡಿಯಾರ ನೋಡುತ್ತ ಕುಳಿತಿದ್ದರು. ಮಕ್ಕಳು ಮಾತ್ರ ಕಾಯಲಿಲ್ಲ. ಅಜ್ಜಿ ತಂದದ್ದು ಆ ನಾಡಿನ ಬೇಳೆ ಸಾರು ಮತ್ತು ಷ್ಪೆಟ್ಸ್ಲೆ ಎಂಬ ಶಾವಿಗೆ. ಸಾಮಾನ್ಯವಾಗಿ ಅದರ ಮೇಲೆ ಹಂದಿಮಾಂಸದ ಸಾಸೇಜ್ ಇಡುತ್ತಾರೆ. ಅಂದು ಇಟ್ಟಿರಲಿಲ್ಲ. ಆ ಗುಡ್ಡಗಾಡಿನ ಹಳೆಯ ಬೇಳೆಯ ತಳಿ ಒಮ್ಮೆ ಕಣ್ಮರೆಯಾಗಿ, 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಬೀಜಭಂಡಾರದಲ್ಲಿ ಅದರ ಬೀಜ ಸಿಕ್ಕಿ ಊರಿಗೆ ಮರಳಿತಂತೆ. ಖರ್ಜೂರ ಬಾಯಿಗಿಟ್ಟಾಗ ಬಾನಿನಲ್ಲಿ ಇನ್ನೂ ಬೆಳಕಿತ್ತು.

ಆದರೆ ಆ ಕೂಟಕ್ಕೆ ಒಂದು ಶಾಪವಿತ್ತು. ಹೊಸಬರ ಪರಿಚಯವಾದಾಗ ಹೆಸರು, ದೇಶ ಕೇಳಿದ ನಂತರದ ಮೂರನೆಯ ಪ್ರಶ್ನೆ: "ನಿಮ್ಮ ಕಾಂಟ್ರಾಕ್ಟ್ ಎಲ್ಲಿಯವರೆಗೆ?" ಜರ್ಮನಿಯ 2007ರ ಕಾನೂನಿನಂತೆ ಡಾಕ್ಟರೇಟ್ ಮುಗಿಸಿದ ಸಂಶೋಧಕರನ್ನು ಸಾಮಾನ್ಯವಾಗಿ ಆರು ವರ್ಷಗಳಷ್ಟೇ, ವೈದ್ಯಶಾಸ್ತ್ರದಲ್ಲಾದರೆ ಒಂಬತ್ತು ವರ್ಷ, ಹೀಗೆ ಅವಧಿ ಗೊತ್ತುಮಾಡಿ ನೇಮಿಸಿಕೊಳ್ಳಬಹುದು. ಯೋಜನೆಯ ಹಣ ಮುಗಿದರೆ ಅದಕ್ಕೂ ಮೊದಲೇ ಹೊರಡಬೇಕು. ಗೆಳತಿಯರಿಗೂ ಮುಕ್ತಾಯದ ದಿನಾಂಕವಿರುವ ಊರದು. ಟರ್ಕಿಯ ಅಕ್ಕ 2018ರಲ್ಲಿ ಕೆನಡಾಕ್ಕೆ ಹೋದರು. ಮಗಳ ಜೊತೆ ಆಡುತ್ತಿದ್ದ ಜಪಾನಿ ಹುಡುಗ ಒಂದು ದಿನ ಬರಲಿಲ್ಲ. ಅವನೆಲ್ಲಿ ಎಂದು ಅವಳು ವಾರಗಟ್ಟಲೆ ಕೇಳುತ್ತಿದ್ದಳು. ಪ್ರತಿ ಕೂಟದಲ್ಲಿ ಒಂದು ಬೀಳ್ಕೊಡುಗೆ, ಒಂದು ಸ್ವಾಗತ. ಇಷ್ಟು ವರ್ಷ ಇದನ್ನೇ ಹೇಗೆ ಸಹಿಸಿಕೊಂಡಿರಿ ಎಂದು ಅಜ್ಜಿಯನ್ನು ಕೇಳಿದೆ. ಮುಂದಿನ ತಿಂಗಳಿಗೆ ಎಷ್ಟು ಕುರ್ಚಿ ಬೇಕೆಂದು ಲೆಕ್ಕ ಹಾಕುತ್ತಿದ್ದ ಅವರು ಉತ್ತರ ಕೊಡಲಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ನಮ್ಮ ದಿನಾಂಕವೂ ಬಂತು. ಜರ್ಮನ್‌ನಲ್ಲಿಯೂ ನಮ್ಮ ಹಾಗೆ ನೀನು, ನೀವು ಎಂಬ ಭೇದವಿದೆ. ನೀವು ಬಿಟ್ಟು ನೀನು ಎನ್ನಲು ಹಿರಿಯರೇ ಅನುಮತಿ ಕೊಡಬೇಕು. ಕೂಟದಲ್ಲಿ ಉಳಿದವರೆಲ್ಲ ಪರಸ್ಪರ ನೀನು ಎಂದೇ ಕರೆಯುತ್ತಿದ್ದರೂ ಹಳೆಯ ಕಾಲದ ಅಜ್ಜಿ ಮಾತ್ರ ಎಲ್ಲರಿಗೂ ನೀವು ಎನ್ನುತ್ತಿದ್ದರು. ರೈಲು ನಿಲ್ದಾಣದಲ್ಲಿ ನನ್ನ ಕೈ ಹಿಡಿದು, ಇನ್ನು ಮೇಲೆ ನನ್ನನ್ನು ನೀನು ಎನ್ನು ಎಂದರು. ಅದು ಅವರು ಕೊಡಬಹುದಾದ ದೊಡ್ಡ ಉಡುಗೊರೆಯೆಂದು ನನಗೆ ಗೊತ್ತಿತ್ತು. ಆದರೆ ಎಪ್ಪತ್ತು ದಾಟಿದವರನ್ನು ನೀನು ಎನ್ನಲು ಮಂಗಳೂರಿನ ನಾಲಗೆ ಒಪ್ಪಬೇಕಲ್ಲ!

ಈಗಲೂ ಅವರು ಫೋನ್ ಮಾಡುತ್ತಾರೆ. ನಾನು ನೀವು ಎನ್ನುತ್ತೇನೆ, ಅವರು ತಿದ್ದುತ್ತಾರೆ. ಎರಡು ಸಲ.